ನಮ್ಮವಳು ಇನ್ನೂ ನೋಡಿಲ್ಲ

“ಇಲ್ಲೇ, ಇಲ್ಲೇ ಎಡಕ್ಕೆ ತಿರುಗಿಸಪ್ಪಾ!” ಅವಳು ಮುಂದಿನ ಸೀಟಿನ ಬೆನ್ನನ್ನು ಅಂಗೈಯಿಂದ ಬಡಿದಳು.

ಶವದ ಗಾಡಿಯ ಚಾಲಕ ಕನ್ನಡಿಯಲ್ಲಿ ಅವಳ ಮೈದುನನ ಮುಖ ನೋಡಿದ.

“ಅತ್ತಿಗೆ, ಸ್ಮಶಾನದಲ್ಲಿ ಜನ ಕಾಯ್ತಿದ್ದಾರೆ,” ಅಂದ ಮೈದುನ. “ಇವತ್ತು ತೋಟ ನೋಡೋ ದಿನಾನಾ?”

“ಇವತ್ತು ಬಿಟ್ರೆ ಇನ್ಯಾವತ್ತು ನಿಮ್ಮಣ್ಣನ ಜೊತೆ ನೋಡ್ಲಿ?”

ಮೈದುನ ಚಾಲಕನಿಗೆ ತಲೆಯಾಡಿಸಿದ. ಗಾಡಿ ಎಡಕ್ಕೆ ಹೊರಳಿತು. ಪೆಟ್ಟಿಗೆ ಸರಿದು ಅವಳ ಮೊಣಕಾಲಿಗೆ ತಾಗಿತು. “ಏಟಾಯ್ತೇನ್ರೀ?” ಅಂತ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ನಿನ್ನೆ ಮಧ್ಯಾಹ್ನದಿಂದ ಹೀಗೇ ಆಗುತ್ತಿತ್ತು. ತಾನು ಕೆಲಸ ಮಾಡುವ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳು ಹಾಸಿಗೆ ಹೊದಿಕೆಯೊಂದನ್ನು ಮಡಚುತ್ತಿದ್ದಾಗ ಫೋನು ಬಂದಿತ್ತು: ನಿಮ್ಮ ಯಜಮಾನ್ರು ನಲ್ಲಿ ಹತ್ತಿರ ಬಿದ್ದಿದ್ದಾರೆ, ಕೈಲಿ ಪೈಪು ಹಾಗೇ ಇದೆ, ನೀರು ಹರೀತಾನೇ ಇದೆ. ಅವಳು ಆ ಹೊದಿಕೆಯನ್ನು ಪೂರ್ತಿ ಮಡಚಿ, ಅಂಚು ಸರಿಮಾಡಿಟ್ಟು ಹೊರಟಿದ್ದಳು. ಯಾಕೆಂದು ಅವಳಿಗೇ ಗೊತ್ತಿಲ್ಲ.

*

“ಈ ಭಾನುವಾರನಾದ್ರೂ ಬಾರೇ,” ಅಂದಿದ್ದ ಗಂಡ, ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ಕೆದಕುತ್ತ.

ಈಗ ಗಾಡಿ ಹೊರಳಿದ ಬಡಾವಣೆಗೆ ಅವನೇ ಮಾಲಿ. ಮನೆಗಳ ನಡುವಿನ ಹುಲ್ಲು, ದಾರಿಯಂಚಿನ ಬೇಲಿಗಿಡ, ಮಧ್ಯದ ದುಂಡು ಹೂಪಾತಿ, ಎಲ್ಲ ಅವನದೇ ಆಳ್ವಿಕೆ. ಒಂದು ಎಸಳನ್ನೂ ಮುಟ್ಟಗೊಡುತ್ತಿರಲಿಲ್ಲ. ಅಲ್ಲಿನ ಮಕ್ಕಳು ಅವನಿಗೆ ‘ಮುಟ್ಬೇಡಿ ಮಾಮ’ ಅಂತಲೇ ಹೆಸರಿಟ್ಟಿದ್ದವು.

“ನಾನು ಬೆನ್ನು ನೆಟ್ಟಗೆ ಮಾಡೋದೇ ಭಾನುವಾರ. ನಿಮ್ಮ ಗಿಡಕ್ಕೇನು ಕಾಲಿದೆಯಾ, ಓಡಿಹೋಗೋಕೆ?”

“ಗಿಡಕ್ಕಿಲ್ಲ, ಹೂವಿಗಿದೆ. ಈ ಸಲ ಬಿಟ್ಟಿರೋ ಥರ ಯಾವತ್ತೂ ಬಿಟ್ಟಿಲ್ಲ ಕಣೇ.”

“ಅಬ್ಬಬ್ಬಾ! ಮದುವೆಗೂ ನನ್ನನ್ನ ಇಷ್ಟು ಕರೀಲಿಲ್ಲ ನೀವು.”

“ಆಗ ತೋರಿಸೋಕೆ ನನ್ಹತ್ರ ಏನಿತ್ತು?”

ಅವಳು ನಕ್ಕುಬಿಟ್ಟಿದ್ದಳು. ಬರ್ತೀನಿ ಹೋಗಿ, ಖಂಡಿತ ಬರ್ತೀನಿ ಅಂದಿದ್ದಳು. ಆ ಭಾನುವಾರ ನಾಳೆ.

*

ಕಾವಲುಗಾರ ಟೋಪಿ ತೆಗೆದು ಗೇಟು ತೆರೆದ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅವಳು ಇಳಿದಳು.

ದುಂಡು ಪಾತಿ ಎದುರಿಗೇ ಇತ್ತು. ಬರೀ ಹಸಿರು. ಗುಲಾಬಿ ಗಿಡಗಳಲ್ಲಿ ಮುಳ್ಳಷ್ಟೇ ಉಳಿದಿತ್ತು. ಸೇವಂತಿಗೆಯ ಕಡ್ಡಿಗಳು ತಲೆಯಿಲ್ಲದೆ ನಿಂತಿದ್ದವು. ಕತ್ತರಿಸಿದ ತುದಿಗಳಲ್ಲಿ ರಸ ಇನ್ನೂ ಒಸರುತ್ತಿತ್ತು. ಬೇರೆ ಎಲ್ಲಿಗೋ ಬಂದೆವೇನೋ ಎಂದು ಅವಳು ಹಿಂದಕ್ಕೆ ತಿರುಗಿ ಗೇಟು ನೋಡಿದಳು.

“ಅಯ್ಯೋ, ನೀವೇ ಬಂದ್ರಾ ಅಮ್ಮಾ!” ಬಡಾವಣೆಯ ಸಂಘದ ಅಧ್ಯಕ್ಷೆ ಓಡಿಬಂದಳು. ಹಿಂದೆ ಐದಾರು ಜನ ಒಂದು ದೊಡ್ಡ ಹೂವಿನ ಹೊದಿಕೆಯನ್ನು ಕಾರಿಗೆ ಏರಿಸಲು ಹೆಣಗುತ್ತಿದ್ದರು. “ಸ್ಮಶಾನಕ್ಕೇ ಹೊರಟಿದ್ವಿ. ಬೆಳಗಿಂದ ಎಲ್ಲರೂ ಕೂತು ಹೆಣೆದದ್ದು. ಒಂದು ಮೊಗ್ಗೂ ಬಿಟ್ಟಿಲ್ಲ, ಎಲ್ಲ ಅವರಿಗೇ.”

“ಕಿತ್ತುಬಿಟ್ರಾ?”

“ಅವರಿದ್ದಾಗ ಹತ್ತಿರ ಸೇರಿಸ್ತಿದ್ರಾ ನಮ್ಮನ್ನ? ಕೇಳಿದಾಗಲೆಲ್ಲ ಒಂದೇ ಮಾತು. ನಮ್ಮವಳು ಇನ್ನೂ ನೋಡಿಲ್ಲ, ಅವಳು ಬಂದು ನೋಡ್ಕೊಂಡು ಹೋಗ್ಲಿ, ಆಮೇಲೆ ಬೇಕಾದ್ದು ಕಿತ್ಕೊಳ್ಳಿ ಅಂತ. ಅದಕ್ಕೇ ನಾವು, ಅಲ್ಲಿಗೇ ತಂದ್ರೆ ನೀವೂ ನೋಡಿದ ಹಾಗಾಗುತ್ತೆ ಅಂತ…”

ಅಧ್ಯಕ್ಷೆ ಪಾತಿಯ ಕಡೆ ತಿರುಗಿದಳು, ಆಗಷ್ಟೇ ಅದನ್ನು ಕಂಡವಳ ಹಾಗೆ. ಕೈ ಬಾಯಿಗೆ ಹೋಯಿತು. ಆ ಕೈತುಂಬ ಮುಳ್ಳು ಗೀರಿದ ಗೆರೆಗಳು.

“ಬುದ್ಧಿ ಇರೋರು ಮಾಡೋ ಕೆಲಸಾನಾ ಇದು?” ಮೈದುನ ಮುಂದೆ ನುಗ್ಗಿದ. ಅವಳು ಅವನ ತೋಳು ಹಿಡಿದಳು.

“ಯಾವುದು ಎಲ್ಲಿತ್ತು?” ಎಂದು ಕೇಳಿದಳು.

ಕಾವಲುಗಾರ ಮುಂದೆ ಬಂದು ಒಂದು ಗಿಡ ತೋರಿಸಿದ, “ಹಳದಿ ಗುಲಾಬಿ ಇಲ್ಲಿತ್ತಮ್ಮ.”

“ಹಳದಿ ಅಲ್ಲ ಕಣಪ್ಪಾ, ಕೇಸರಿ,” ಅಂದ ಹೊದಿಕೆ ಹಿಡಿದವರಲ್ಲೊಬ್ಬ.

“ಅಂಚಲ್ಲಿ ಕೇಸರಿ, ಒಳಗೆ ಹಳದಿ. ನೀವು ದಿನಾ ಕಾರಲ್ಲೇ ಹೋಗೋರು, ನಿಮಗೆಲ್ಲಿ ಕಾಣುತ್ತೆ?”

“ಬಿಳಿ ಸೇವಂತಿಗೆ ಸುತ್ತ ಇತ್ತಮ್ಮ, ನಡುವೆ ಕೆಂಪು,” ಅಧ್ಯಕ್ಷೆ ಬೆರಳಲ್ಲಿ ಒಂದು ಸುತ್ತು ಬರೆದು ತೋರಿಸಿದಳು.

ಅವರು ತೋರಿಸಿದ ಒಂದೊಂದು ಬೋಳು ಕಡ್ಡಿಯ ಮುಂದೆಯೂ ಅವಳು ನಿಂತಳು. ತಲೆಯಾಡಿಸಿ ಮುಂದಕ್ಕೆ ಹೋದಳು.

ಹೊದಿಕೆಯನ್ನು ತಂದು ಪೆಟ್ಟಿಗೆಯ ಮೇಲೆ ಹರಡಿದರು. ಅವಳು ಗಾಡಿ ಹತ್ತಿ ಪಕ್ಕದಲ್ಲಿ ಕೂತಳು. ಬೋಳು ಪಾತಿಯ ಮೇಲೆ ಒಂದಷ್ಟು ಜೇನುಹುಳುಗಳು ಕಡ್ಡಿಯಿಂದ ಕಡ್ಡಿಗೆ ಸುತ್ತುತ್ತಿದ್ದವು. ಅವುಗಳಲ್ಲೊಂದು ಗಾಡಿಯ ಬಾಗಿಲ ತನಕ ಬಂದು ತಡವರಿಸಿ, ಒಳಗೆ ಬಂದು ಪೆಟ್ಟಿಗೆಯ ಮೇಲಿನ ಗುಲಾಬಿಯೊಳಗೆ ಇಳಿಯಿತು. ಅದರ ಹಿಂದೆ ಇನ್ನೊಂದು.

“ಮುಚ್ಚಿಬಿಡ್ಲಾ ಅಮ್ಮಾ? ಎಲ್ಲಾ ಒಳಗೇ ಬಂದ್ಬಿಡ್ತವೆ,” ಅಂದ ಚಾಲಕ.

ಅವಳು ಕೈ ಚಾಚಿ ಬಾಗಿಲನ್ನು ತೆರೆದೇ ಹಿಡಿದುಕೊಂಡಳು. ಗಾಡಿ ಮೆಲ್ಲಗೆ ಗೇಟು ದಾಟಿತು. ಜೇನುಹುಳುಗಳು ಒಂದೊಂದಾಗಿ ಹಿಂದೆಯೇ ಹಾರಿ ಬರುತ್ತಿದ್ದವು.