ಕೊಕ್ಕಿನ ನಡುವಿನ ಸಂದು

ಅಕ್ಕಸಾಲಿ ವೀರಾಚಾರಿ ವಯಸ್ಸಾದ ಮೇಲೆ ನೆನಪಿನಿಂದಲೇ ಒಂದು ಕೊಕ್ಕರೆ ಬರೆದಿದ್ದ. ಅದರ ಕೊಕ್ಕಿನ ತುದಿ ಕೂಡಿದ್ದರೂ ನಡುವೆ ಸಂದು ಉಳಿದಿತ್ತು. ಅಪ್ಪನಿಗೆ ಕಣ್ಣು ಮಂದ, ಕೈ ಬೇರೆ ನಡುಗುತ್ತದೆ, ತಪ್ಪಿದ್ದಾನೆ ಎಂದುಕೊಂಡ ಮಗ ಮೌನೇಶ. ಶ್ರೀರಂಗಪಟ್ಟಣದಲ್ಲಿ ಅಂಗಡಿ ಬೋರ್ಡು ಬರೆಯುವವನು ಅವನು. ದೊಡ್ಡ ಉಪಕಾರ ಮಾಡುವವನಂತೆ ಆ ಸಂದಿಗೆ ಎನಾಮಲ್ ಬಣ್ಣ ಬಳಿದು ಮುಚ್ಚಿಬಿಟ್ಟ.

ಮರುದಿನ ಅರಕೆರೆಯ ಗದ್ದೆಯಲ್ಲಿ ಅದೇ ಜಾತಿಯ ಕೊಕ್ಕರೆಗಳು ಬಸವನಹುಳು ಹೆಕ್ಕುತ್ತಿದ್ದವು. ಒಂದರ ಕೊಕ್ಕೂ ನಡುವೆ ಕೂಡಿರಲಿಲ್ಲ. ಸಂದಿನಲ್ಲಿ ಆಚೆಯ ಪೈರು ಕಾಣುತ್ತಿತ್ತು. ಮೌನೇಶನಿಗೆ ಭೂಮಿಗಿಳಿದು ಹೋದಂತಾಯಿತು.

ಮನೆಗೆ ಬಂದರೆ ಅಪ್ಪ ಚಿತ್ರವನ್ನು ಬೆರಳಿನಿಂದ ಸವರುತ್ತಿದ್ದ. ಬೆರಳು ಕೊಕ್ಕಿನ ಮೇಲೆ ನಿಂತಿತು.

"ಇಲ್ಲಿ ಬಣ್ಣ ಮೆತ್ಕಂಡದೆ ಕಣ್ಲಾ. ಸಂದು ಬುಟ್ಟಿದ್ದೆ ಅನ್ಕಂಡಿದ್ದೆ, ನನ್ ಕೈಯೇ ಕೆಟ್ಟೋಗದೆ. ಇನ್ ಬರೆಯಾಕಿಲ್ಲ ಬುಡು," ಎಂದು ಅಪ್ಪ ಕುಂಚವನ್ನು ಮಗನ ಕೈಗೇ ಕೊಟ್ಟ.