ಬಣ್ಣ ಹಸಿಯಾಗಿದೆ

ನೀಲಿ ಹೆಚ್ಚಾಯಿತೇನೋ, ಕೆನ್ನೆ ಕಿವಿಯ ಕಡೆಗೆ ತಿರುಗುವಲ್ಲಿ, ಬಿಸಿಲು ಬಿದ್ದಾಗ ಸರಿ ಅನಿಸುತ್ತದೆ, ಮೋಡ ಬಂದರೆ ಪೆಟ್ಟು ಬಿದ್ದು ಕಂದಿದ ಹಾಗೆ, ಇನ್ನೊಂದು ಕೈ ಬಿಳಿ ಹಚ್ಚಲೇ, ಬೇಡ, ಹಚ್ಚಿ ಹಚ್ಚಿಯೇ ಎಷ್ಟನ್ನು ಕೆಡಿಸಿಲ್ಲ ನೀನು, ಎಂದುಕೊಂಡು ಮಾರ್ಲೀಸ್ ಕುಂಚವನ್ನು ಚಿಂದಿಗೆ ಒರೆಸಿ ಎರಡು ಹೆಜ್ಜೆ ಹಿಂದೆ ಸರಿದಳು, ಮರದ ತಲೆ ಅವಳನ್ನು ನೋಡಲಿಲ್ಲ, ಅದರ ಕಣ್ಣು ಮುಚ್ಚಿದೆ. ಗಂಡನ ತಲೆ. ಯೋಖೆನ್‌ನನ್ನು ಬಿಟ್ಟು ಹಾಲೆ ಊರಿನಲ್ಲಿ ಯಾರನ್ನು ಚಿತ್ರಿಸಿಲ್ಲ ಅವಳು, ಟ್ರಾಮಿನ ಹೆಂಗಸರನ್ನು, ದೋಣಿಯವರನ್ನು, ಪಕ್ಕದ ಮನೆಯ ನಾಯಿಯನ್ನೂ ಬಿಟ್ಟಿಲ್ಲ, ಅವನೊಬ್ಬನನ್ನು ಮುಂದಕ್ಕೆ ತಳ್ಳುತ್ತ ಬಂದು ಎಪ್ಪತ್ತು ದಾಟಿದ ಮೇಲೆ ಲಿಂಡೆನ್ ಮರದ ಈ ತುಂಡಿಗೆ ಉಳಿ ಇಟ್ಟದ್ದು, ಸೋಮವಾರ ಮ್ಯೂಸಿಯಂ ವ್ಯಾನು ಬರುತ್ತದೆ, ಅಲ್ಲಿಯ ಫ್ರಾವ್ ಟೀಲೆ ಬೆಳಿಗ್ಗೆಯೂ ಫೋನು ಮಾಡಿದ್ದಳು, ಮಿಕ್ಕದ್ದೆಲ್ಲ ಜೋಡಿಸಿಯಾಯ್ತು, ನಡುವಿನ ಕೋಣೆ ಅದಕ್ಕೇ ಖಾಲಿ ಬಿಟ್ಟಿದೀವಿ, ಮುಗೀತು ತಾನೆ? ಮುಗೀತು, ಅಂದಳು ಮಾರ್ಲೀಸ್, ಸುಳ್ಳಿ, ಮುಗಿದದ್ದನ್ನು ಹೇಳುವವಳು ನೀನು ಯಾವತ್ತಾಗಿದ್ದೆ.

ಅದನ್ನು ಹೇಳುತ್ತಿದ್ದವನು ಅವನು. ರೈಲುಬೋಗಿ ಕಾರ್ಖಾನೆಯಲ್ಲಿ ಅವನು ವೆಲ್ಡರ್, ಅವಳು ಬೋಗಿಗಳ ಮೇಲೆ ಅಂಕಿ ಬರೆಯುವವಳು, ಪಾಳಿ ಮುಗಿಸಿ ಕೈಗೆ ಅಂಟಿದ ಬಣ್ಣದಲ್ಲೇ ಕಲಾಶಾಲೆಯ ಸಂಜೆ ತರಗತಿಗೆ ಓಡುತ್ತಿದ್ದಳು, ಅಲ್ಲಿಯ ಮೇಷ್ಟ್ರು, ನಿನಗೆ ಬಣ್ಣ ಕಾಣುತ್ತೆ ಹುಡುಗಿ, ಆದರೆ ಯಾರೋ ಬೈತಾರೆ ಅನ್ನೋ ಹಾಗೆ ಹಚ್ತೀಯ, ಎಂದು ನಗುತ್ತಿದ್ದರು, ಈಗಲೂ ಹಾಗೇ ಹಚ್ಚುವುದು, ಬೈಯುವವರೆಲ್ಲ ಸತ್ತು ಹೋದ ಮೇಲೂ. ಯೋಖೆನ್ ಬಾಗಿಲಲ್ಲಿ ಟೋಪಿ ತೆಗೆದು ನಿಂತು ಚಿತ್ರವನ್ನು ನೋಡುತ್ತಿದ್ದ, ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ, ಆಯ್ತು ಅನ್ನುತ್ತಿದ್ದ, ಇಲ್ಲವೇ ಇನ್ನೂ ಆಗಿಲ್ಲ, ಅವನು ಆಯ್ತು ಅಂದ ಮೇಲಷ್ಟೇ ಅವಳು ಮೂಲೆಯಲ್ಲಿ ಹೆಸರು ಬರೆಯುವುದು. ಪೂರ್ವ ಪಶ್ಚಿಮಗಳ ನಡುವಿನ ಗೋಡೆ ಬಿತ್ತು, ಕಾರ್ಖಾನೆ ಮುಚ್ಚಿತು, ಪಶ್ಚಿಮದ ಗ್ಯಾಲರಿಯವರು ಬಂದು ಅವಳ ದೊಡ್ಡ ನೀಲಿ ಚಿತ್ರಗಳನ್ನು ಹೊತ್ತೊಯ್ದರು, ಕಲೋನ್ ನಗರದಲ್ಲಿ ಅವಳ ಕೈಗೆ ಹೂಗುಚ್ಛ ಕೊಟ್ಟು ಯಾರೋ ಭಾಷಣ ಮಾಡುತ್ತಿದ್ದ ಹೊತ್ತಿಗೇ ಯೋಖೆನ್ ಒಂದು ಮೆಟ್ಟಿಲು ಕಾಣದೆ ಮುಗ್ಗರಿಸಿದ್ದ, ಕುಡಿದಿದಾನೆ ಎಂದು ಯಾರೋ ಪಿಸುಗುಟ್ಟಿದರು, ಒಂದು ಗುಟುಕೂ ಕುಡಿದಿರಲಿಲ್ಲ, ಅವನ ಕಣ್ಣಿನ ಅಂಚಿನಿಂದ ಕತ್ತಲು ಒಳಗೆ ಬರುತ್ತಿತ್ತು, ವರ್ಷ ವರ್ಷ ಸ್ವಲ್ಪ ಸ್ವಲ್ಪ, ಕೊನೆಗೊಂದು ದಿನ ಚಿತ್ರದ ಮುಂದೆ ನಿಂತು ಅವನು ಆಯ್ತು ಅನ್ನಲಿಲ್ಲ, ಆಗಿಲ್ಲ ಅನ್ನಲಿಲ್ಲ, ಏನು ಬರೆದಿದೀಯ ಹೇಳು, ಅಂದ. ಆ ಚಳಿಗಾಲದಲ್ಲಿಯೇ ಅವಳು ಇಗರ್ಜಿಯ ವಿಗ್ರಹಗಳನ್ನು ಕೆತ್ತುವ ಮುದುಕನೊಬ್ಬನ ಬಳಿ ಉಳಿ ಹಿಡಿಯಲು ಕಲಿತಳು. ಚಪ್ಪಟೆ ಕ್ಯಾನ್ವಾಸಿನ ವಿರುದ್ಧ ಕಲಾವಿದೆಯ ಬಂಡಾಯ ಎಂದು ಪತ್ರಿಕೆಗಳು ಬರೆದವು, ಯೋಖೆನ್ ಅದನ್ನು ಓದಿಸಿಕೊಂಡು ನಕ್ಕು ಕಾಫಿ ಚೆಲ್ಲಿಕೊಂಡ, ನೀನಾ, ಬಂಡಾಯಾನಾ, ಟಿಕೆಟ್ ಕಲೆಕ್ಟರ್ ಬಂದರೆ ಎದ್ದು ನಿಲ್ತೀಯಲ್ಲೇ!

ಮರ ಮೊದಲು ಅವನ ಅಂಗೈಗೆ, ಆಮೇಲೆ ಬಣ್ಣ, ಅದು ಮನೆಯ ಕಟ್ಟಳೆ. ಇಷ್ಟು ವರ್ಷ ತಪ್ಪಲಿಲ್ಲ, ಇದಕ್ಕೆ ಮಾತ್ರ ತಪ್ಪಿಸಿದಳು, ಅವನಿಗೆ ತೋರಿಸದೆ ಬಣ್ಣ ಹಚ್ಚಿದಳು, ಹಸಿ ಬಣ್ಣವನ್ನು ಮುಟ್ಟುವಂತಿಲ್ಲವಲ್ಲ, ಸೋಮವಾರದವರೆಗೆ ಮುಟ್ಟುವಂತಿಲ್ಲ, ಸೋಮವಾರ ವ್ಯಾನು, ಆಮೇಲೆ ಮ್ಯೂಸಿಯಂನಲ್ಲಿ ಹಗ್ಗ ಕಟ್ಟಿ ದೂರ ನಿಲ್ಲಿಸುತ್ತಾರೆ, ಎಷ್ಟು ಲೆಕ್ಕಾಚಾರ, ನಾಚಿಕೆಯಾಗಬೇಕು, ಕೋಲಿನ ಸದ್ದು, ಹೊಸ್ತಿಲಲ್ಲಿ ಕೋಲಿನ ಸದ್ದು.

ಪ್ಲಮ್ ಕೇಕ್ ತಣ್ಣಗಾಗ್ತಿದೆ, ನೀನು ಬರ್ತೀಯೋ ನಾನೇ ತಿಂದ್ಹಾಕ್ಲೋ, ಅಂದ ಯೋಖೆನ್, ಮೂಗು ಮೇಲೆತ್ತಿ ಗಾಳಿ ಎಳೆದುಕೊಂಡ. ಎಣ್ಣೆಬಣ್ಣ. ಯಾವುದಕ್ಕೆ? ತಲೆಗಾ? ಅವಳು ಕುಂಚವನ್ನು ಡಬ್ಬಿಗೆ ಇಳಿಸಿದಳು. ಬಣ್ಣ ಹಚ್ಚಿಬಿಟ್ಯಾ, ನಂಗೆ ತೋರಿಸ್ದೆ? ಹಸಿಯಾಗಿದೆ ಕಣೋ, ಮುಟ್ಟೋಕಾಗಲ್ಲ, ಅಂದಳು, ಗಂಟಲಿನಲ್ಲಿ ಆ ಮಾತು ಮೊದಲೇ ಸಿದ್ಧವಾಗಿತ್ತು, ಬೇರೆಯವರ ಮಾತಿನ ಹಾಗೆ ಬಂತು. ಸರಿ ಬಿಡು, ಅಂದು ಅವನು ತಿರುಗಿದ, ಕೋಪವಿಲ್ಲ, ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳು, ಆ ಬೆನ್ನು, ಮುದಿ ಸ್ವೆಟರಿನ ಆ ಬೆನ್ನು ಬಾಗಿಲಿನ ಕಡೆಗೆ ಹೋಗುತ್ತಿದೆ, ಹೋಗಲಿ, ಹೋದರೆ ಉಳಿದೆ, ಹೋದರೆ— ನಿಲ್ಲೋ, ಅಂದಳು. ಬಂದು ಅವನ ಮಣಿಕಟ್ಟು ಹಿಡಿದಳು, ತಾನೇ ಎಳೆದು ತಂದು ಆ ದೊಡ್ಡ ಕೈಯನ್ನು ಹಸಿ ಕೆನ್ನೆಯ ಮೇಲೆ ಇಟ್ಟಳು.

ಬೆರಳುಗಳು ಮೊದಲು ಹೆದರಿದವು, ಆಮೇಲೆ ನಡೆದವು, ಗಲ್ಲ, ಬಾಯಿ, ಮೂಗಿನ ಮೇಲೆ ನಿಂತವು, ಇದು ನಮ್ಮಪ್ಪಂದು, ಯಾರೂ ಬೇಡ ಅಂದಿದ್ದಕ್ಕೆ ನಂಗೆ ಬಂತು, ಅಂದ, ಅವಳು ನಗಲಾರದೆ ನಕ್ಕಳು, ಬೆರಳು ಮೇಲಕ್ಕೆ ಹೋಗುತ್ತಿದೆ, ಇನ್ನೇನು, ಇನ್ನೇನು, ರೆಪ್ಪೆಗೆ ಬಂತು. ನಿಂತಿತು. ಈ ಕಡೆಯದು, ಆ ಕಡೆಯದು, ಮತ್ತೆ ಈ ಕಡೆಯದು. ಮಲಗಿದಾನಾ ಇವ್ನು? ಬೆರಳು ರೆಪ್ಪೆಯ ಮೇಲೇ ಇತ್ತು. ಯೋಖೆನ್ ಮೆಲ್ಲಗೆ ಅಂದ, ನಾನಿನ್ನೂ ಎದ್ದಿದೀನಿ ಕಣೇ.

ಎದ್ದಿದ್ದಾನೆ, ಗೊತ್ತು, ಬೆಳಿಗ್ಗೆ ಅವಳಿಗಿಂತ ಮೊದಲು ಏಳುತ್ತಾನೆ, ದಿಂಬಿನ ಮೇಲೆ ತೆರೆದ ಕಣ್ಣು, ಅವಳ ಕಿವಿಯಾಚೆ ಎಲ್ಲೋ ನಿಂತ ಕಣ್ಣು, ಊಟದ ಮೇಜಿನಾಚೆ ತೆರೆದ ಕಣ್ಣು, ಅವಳು ಬೆಣ್ಣೆಯನ್ನು ನೋಡುತ್ತಾಳೆ, ಬ್ರೆಡ್ಡನ್ನು ನೋಡುತ್ತಾಳೆ, ಅವನ ಕಾಲರಿನ ಗುಂಡಿಯನ್ನು ನೋಡುತ್ತಾಳೆ, ಎಷ್ಟು ವರ್ಷದಿಂದ, ನೋಡಿದರೆ ಆ ಕಣ್ಣಿನಲ್ಲಿ ತಾನಿರುವುದಿಲ್ಲವಲ್ಲ, ಅದೊಂದು ಭಯ, ನೋಡುವುದೇ ಹೊಟ್ಟೆಪಾಡಾದವಳಿಗೆ. ಭಯಾನಾ ನನ್ನ ಕಣ್ಣು ಕಂಡ್ರೆ, ಅಂದ. ಹೂಂ, ಅಂದಳು. ನಂಗೂ ಇತ್ತು, ಮೊದಮೊದಲು, ಅಂದ, ಕೈ ತೆಗೆದು ಬೆರಳು ಅಗಲಿಸಿ ಹಿಡಿದ, ಏನು ಬಣ್ಣ ಹತ್ತಿದೆ? ನೀಲಿ. ಅದೇ ಅಂದ್ಕೊಂಡೆ, ನಿಂಗೆ ಬೇರೆ ಎಲ್ ಬರುತ್ತೆ. ಆಯ್ತಾ ಯೋಖೆನ್, ಎಂದು ಕೇಳಿದಳು, ಸಂಜೆ ತರಗತಿಯ ಹುಡುಗಿಯ ದನಿಯಲ್ಲಿ. ಇಲ್ವೇ, ಇನ್ನೂ ಆಗಿಲ್ಲ.

ರೆಪ್ಪೆಯ ಹಿಂದೆ ಮರ ಬೇಕಾದಷ್ಟಿದೆ, ಕಣ್ಣು ತೆರೆಸಲು ಸಣ್ಣ ಉಳಿ ಸಾಕು, ಬಣ್ಣ ಹೋದರೆ ಹೋಗಲಿ, ಕೆನ್ನೆಯ ಮೇಲೆ ಬೆರಳಿನ ಗೆರೆಗಳು ಇದ್ದರೆ ಇರಲಿ, ಸೋಮವಾರ ಆಗದಿದ್ದರೆ ಕೋಣೆ ಖಾಲಿಯೇ ಇರಲಿ, ಫ್ರಾವ್ ಟೀಲೆ ಬೈಯಲಿ, ಬೈದರೆ ಬೈಸಿಕೊಂಡರಾಯಿತು, ಕಿಟಕಿಯ ಬಳಿ ಕುರ್ಚಿ ಹಾಕಿದಳು, ಕೂತ್ಕೋ, ಅಲ್ಲಾಡಬೇಡ. ಕೇಕು? ಆಮೇಲೆ. ಅವನು ಕೂತ. ಅವಳು ಮೊಣಕಾಲೂರಿ ಅವನ ಮುಖವನ್ನು ಬೆಳಕಿಗೆ ತಿರುಗಿಸಿದಳು, ಕಾಲರಿಗಿಂತ ಮೇಲೆ, ಗಲ್ಲಕ್ಕಿಂತ ಮೇಲೆ, ನೋಡು, ಬೂದು ಬಣ್ಣದ ಕಣ್ಣು, ಬೂದು ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದಳಲ್ಲ, ಅಲ್ಲ, ಪೂರ್ತಿ ಬೂದು ಅಲ್ಲ, ಎಡಗಣ್ಣಿನ ಪಾಪೆಯ ಕೆಳಗೆ ಒಂದು ಚುಕ್ಕೆ, ತುಕ್ಕಿನ ಬಣ್ಣದ್ದು, ಯಾವಾಗಿನಿಂದ ಇದೆ ಇದು, ಮೊದಲಿನಿಂದಲೂ ಇತ್ತೇ, ಎಳ್ಳಿಗಿಂತ ಸಣ್ಣ, ತುಕ್ಕಿನ ಬಣ್ಣದ ಒಂದು ಚುಕ್ಕೆ, ತೆರೆದ ಕಣ್ಣಿನಲ್ಲಿ, ಒಂದು ಚುಕ್ಕೆ—