ಅದಕ್ಕೂ ಐದು

“ಐದು ಹಾಕ್ಕೋ ತಾಯಿ,” ಎಂದರು ದರ್ಜಿ ಅಜ್ಜ.

“ಇನ್ನೂ ಪ್ರಶ್ನೆನೇ ಓದಿಲ್ಲ ಅಜ್ಜಾ!”

“ಓದೋದೇನು, ಎಲ್ಲಕ್ಕೂ ಐದೇ. ನಿನ್ನ ಕೈಗುಣಕ್ಕೆ ಹತ್ತು ಕೊಡ್ತಿದ್ದೆ. ನಿನ್ನ ಕಾಗದ ಐದಕ್ಕೇ ನಿಂತುಬಿಟ್ಟಿದೆಯಲ್ಲ, ಏನ್ಮಾಡ್ಲಿ?”

ಪಕ್ಕದ ಕುರ್ಚಿಯವನು ಕಣ್ಣು ಮುಚ್ಚಿಕೊಂಡೇ ನಕ್ಕ. ಅಜ್ಜನ ಎಡಗೈಗೆ ಚುಚ್ಚಿದ್ದ ಎರಡು ಸೂಜಿಗಳಲ್ಲಿ ಒಂದರಿಂದ ರಕ್ತ ಯಂತ್ರದೊಳಗೆ ಹೋಗಿ, ತೊಳೆದುಕೊಂಡು, ಇನ್ನೊಂದರಿಂದ ಮರಳಿ ಬರುತ್ತಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅಜ್ಜ ಆ ಕುರ್ಚಿಗೆ ಕಟ್ಟುಬಿದ್ದಿದ್ದರು. ಸೂಜಿ ಹಾಕಿದವಳೂ, ಈಗ ರಟ್ಟಿನ ಹಲಗೆ ಹಿಡಿದು ಎದುರು ನಿಂತವಳೂ ಒಬ್ಬಳೇ. ಹನ್ನೊಂದು ವರ್ಷಗಳಿಂದ ಈ ಡಯಾಲಿಸಿಸ್ ವಿಭಾಗದಲ್ಲಿ ದುಡಿಯುತ್ತಿದ್ದ ಆ ನರ್ಸು, ಕೆಲಸದ ನಡುವೆಯೇ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಳು. ರೋಗಿಗಳು ತಮಗೆ ಸಿಗುವ ಶುಶ್ರೂಷೆಯನ್ನು ಹೇಗೆ ಕಾಣುತ್ತಾರೆ ಎಂಬುದು ಅವಳ ಸಂಶೋಧನೆ. ಇಪ್ಪತ್ತು ವಾಕ್ಯಗಳು, ಒಂದೆಂದರೆ ಪೂರ್ತಿ ಸುಳ್ಳು, ಐದೆಂದರೆ ಪೂರ್ತಿ ನಿಜ. ಅಜ್ಜ ಮೂವತ್ತೆರಡನೆಯವರು, ಕೊನೆಯವರು.

“ಹದಿನೇಳನೇದು ಕೇಳಿ: ‘ನೋವಾಗುತ್ತಿದೆ ಎಂದರೆ ಇಲ್ಲಿ ಯಾರೂ ಕಿವಿಗೊಡುವುದಿಲ್ಲ.’”

“ಅದಕ್ಕೂ ಐದು.”

ಅವಳ ಪೆನ್ನು ನಿಂತಿತು. “ಐದು ಅಂದ್ರೆ ಆ ಮಾತು ನಿಜ ಅಂತ ಆಗುತ್ತೆ ಅಜ್ಜಾ.”

“ಅಯ್ಯೋ, ಹೌದಾ? ಹಾಗಾದ್ರೆ ಒಂದು ಹಾಕು. ನಿಂಗೆ ಯಾವುದು ಒಳ್ಳೇದೋ ಅದನ್ನೇ ಹಾಕ್ಕೋ.”

ಅಂದು ಸಂಜೆ ಅವಳ ಗಂಡ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಟ್ಟ. ಲೇತ್ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಅವನ ಬೆರಳುಗಳು ಕೀಲಿಮಣೆಯ ಮೇಲೆ ಎಡವುತ್ತಿದ್ದವು. ಅರ್ಧಕ್ಕೆ ನಿಲ್ಲಿಸಿ ಅವನೆಂದ: “ಅಲ್ವೇ, ನಿನ್ನ ರೋಗಿಗಳೆಲ್ಲ ನಿನ್ನ ತವರಿನೋರೇನೇ? ಒಬ್ಬನಾದ್ರೂ ಮೂರು ಕೊಟ್ಟಿಲ್ಲ. ಮೆಷಿನ್ನಲ್ಲಿ ಕಡೆದ ತುಂಡುಗಳೂ ಹೀಗೆ ಒಂದೇ ಸಮ ಬರಲ್ಲ ಕಣೆ.”

ಅವಳು ನಗಲಿಲ್ಲ. ಹದಿನೇಳನೆಯ ಸಾಲನ್ನು ತೋರಿಸಿ ಎಂದಳು. ಹತ್ತೊಂಬತ್ತು ಮಂದಿ ಅಲ್ಲಿಯೂ ಐದೆಂದಿದ್ದರು. ಬೇಸಿಗೆಯಿಡೀ ಪಾಳಿ ಮುಗಿದ ಮೇಲೆ ನಿಂತು ಬರೆದುಕೊಂಡಾಗ ಅವಳಿಗೇಕೆ ಅದು ಕಾಣಲಿಲ್ಲ? ಹೊಗಳಿಕೆ ಕಿವಿಗೆ ಹಿತವಾಗಿತ್ತು; ಅಷ್ಟೆ.

ಮುಂದಿನ ಸರದಿಗೆ ಅಜ್ಜ ಬಂದಾಗ ಅವಳು ಕಾಗದವಿಲ್ಲದೆ ಹೋಗಿ, ಎಲ್ಲಕ್ಕೂ ಐದೇಕೆಂದು ನೇರವಾಗಿ ಕೇಳಿದಳು.

ಅಜ್ಜ ತಮ್ಮ ಕೈಯ ಉಬ್ಬಿದ ನಾಳವನ್ನು ಸವರಿಕೊಂಡರು. “ಬೇಜಾರು ಮಾಡ್ಕೋಬೇಡ ಮಗಳೇ. ನಲವತ್ತು ವರ್ಷ ಬಟ್ಟೆ ಹೊಲಿದೆ. ಕತ್ತರಿ ನನ್ನ ಕೈಲಿರೋವರೆಗೆ ಒಬ್ಬನೂ ನನ್ನ ಹೊಲಿಗೆ ಚೆನ್ನಾಗಿಲ್ಲ ಅಂದೋನಲ್ಲ. ಬಟ್ಟೆ ಅವರದ್ದು, ಕತ್ತರಿ ನಂದು. ಪಕ್ಕದ ಅಂಗಡಿಗೆ ಹೋಗಿ ಮಾತ್ರ ನನ್ನ ಜನ್ಮ ಜಾಲಾಡ್ತಿದ್ರು!”

“ಹಾಗಾದ್ರೆ ನಾನು ಕೋಪಕ್ಕೆ ಜೋರಾಗಿ ಚುಚ್ತೀನಿ ಅಂತಾನಾ?”

“ನೀನು ಚುಚ್ಚಲ್ಲ ಅಂತ ನಂಗೊತ್ತು. ಈ ಕೈಗೆ ಗೊತ್ತಾಗಬೇಕಲ್ಲ.”

ಸಂಶೋಧನೆಯ ಮಾರ್ಗದರ್ಶಕಿಯ ಕೋಣೆಯಲ್ಲಿ ಫೈಲುಗಳು ಕಿಟಕಿಯ ಅರ್ಧದವರೆಗೆ ಬೆಳೆದಿದ್ದವು. ಅವರು ಅವಳ ಮಾತನ್ನು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

“ಸರಾಸರಿ ನಾಲ್ಕು ದಶಮಾಂಶ ಎಂಟು. ಯಾರಿಗೆ ಸಿಗುತ್ತಮ್ಮಾ ಇಂಥ ಫಲಿತಾಂಶ?”

“ಅದಕ್ಕೇ ಭಯ ಮೇಡಂ.”

“ಇದೊಂದು ಮಿತಿ ಅಂತ ಕೊನೇ ಪುಟದಲ್ಲಿ ಎರಡು ಸಾಲು ಬರೆದು ಕೊಟ್ಟುಬಿಡು. ಸಲ್ಲಿಸೋಕೆ ಹದಿನೈದು ದಿನ ಇದೆ. ಹೊಸದಾಗಿ ಕೇಳೋದಾದ್ರೆ ಸಮಿತಿಯ ಒಪ್ಪಿಗೆ ಮತ್ತೆ ಬೇಕು, ಆರು ತಿಂಗಳು ಹೋಗುತ್ತೆ. ನಿಮ್ಮ ಇನ್‌ಚಾರ್ಜ್ ಎರಡು ತಿಂಗಳಲ್ಲಿ ನಿವೃತ್ತಿ ಆಗ್ತಿದ್ದಾರೆ. ಪದವಿ ಇಲ್ಲದೆ ಆ ಕುರ್ಚಿ ನಿಂಗೆ ಸಿಗಲ್ಲ. ಯೋಚನೆ ಮಾಡಿದ್ದೀಯಾ?”

ಅವಳು ಯೋಚಿಸಿದ್ದಳು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಮಡಚುವಾಗ ಅದನ್ನೇ ಯೋಚಿಸಿದ್ದಳು. ಹನ್ನೊಂದು ವರ್ಷ ಅವಳು ಆ ಕುರ್ಚಿಯನ್ನು ನೋಡುತ್ತಲೇ ಓಡಾಡಿದ್ದಳು.

“ಇದನ್ನು ಓದಿ ನಾಳೆ ಇನ್ನೊಂದು ಆಸ್ಪತ್ರೆಯೋರು, ರೋಗಿಗಳಿಗೆ ಏನೂ ಕಡಿಮೆ ಇಲ್ಲ ಅಂದುಕೊಳ್ತಾರೆ ಮೇಡಂ. ನಾನು ಹೊಸ ಅರ್ಜಿ ಬರೆದುಕೊಂಡೇ ಬಂದಿದ್ದೀನಿ.”

ಮಾರ್ಗದರ್ಶಕಿ ಅರ್ಜಿಯನ್ನು ಎರಡು ಸಲ ಓದಿದರು. “ಹಟಮಾರಿ,” ಎಂದು ಗೊಣಗಿ ಸಹಿ ಹಾಕಿದರು.

ಕ್ಯಾನ್ಸರ್ ವಾರ್ಡಿನ ನರ್ಸು ಅವಳ ಸಹಪಾಠಿ. ತನ್ನ ರೋಗಿಗಳನ್ನು ಅದೇ ಇಪ್ಪತ್ತು ವಾಕ್ಯಗಳಿಂದ ಕೇಳಿ ಮುಗಿಸಿದ್ದಳು. ಕ್ಯಾಂಟೀನಿನ ಮೂಲೆಯಲ್ಲಿ ವಿಷಯ ಕೇಳಿದಾಗ ಅವಳು ತಲೆಯ ಮೇಲೆ ಕೈ ಹೊತ್ತಳು.

“ಅಂದ್ರೆ ನನ್ನ ಮೂವತ್ತು ಫಾರಂಗಳನ್ನೂ ಒಲೆಗೆ ಹಾಕಬೇಕಾ? ನಿಂಗೇನು ಬಂತೇ ಅಂಥದ್ದು!”

“ನಿಂದು ಸರಾಸರಿ ಎಷ್ಟು ಅಕ್ಕಾ?”

“ನಾಲ್ಕು ದಶಮಾಂಶ ಒಂಬತ್ತು.” ಹೇಳಿದವಳು ತಲೆಯ ಮೇಲಿನ ಕೈ ಕೆಳಗಿಳಿಸಿದಳು. “ಕೀಮೋ ಬಾಟಲು ನೇತು ಹಾಕೋಳು ನಾನೇ, ಅಲ್ವಾ?”

“ನಿನ್ನ ವಾರ್ಡಿಗೆ ನಾನು ಬರ್ತೀನಿ, ನನ್ನ ವಿಭಾಗಕ್ಕೆ ನೀನು ಹೋಗು. ಹೆಸರು ಬರೆಯೋದು ಬೇಡ. ಮೈಮೇಲೆ ಈ ಸಮವಸ್ತ್ರಾನೂ ಬೇಡ.”

“ನನ್ನೋರು ನನ್ನ ಬಗ್ಗೆ ಏನಾದ್ರೂ ಅಂದ್ರೆ ನೀನು ಊರೆಲ್ಲ ಡಂಗುರ ಸಾರಬಾರದು ಮತ್ತೆ.”

“ನೀನೂ ಅಷ್ಟೆ.”

ಒಪ್ಪಿಗೆ ಬರಲು ಹತ್ತು ವಾರ ಹಿಡಿಯಿತು. ಅಷ್ಟರಲ್ಲಿ ಇನ್‌ಚಾರ್ಜ್ ಹುದ್ದೆಗೆ ಬೇರೊಬ್ಬಳು ಬಂದಳು. ಇವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಇವಳೇ ಹೊಸಬಳನ್ನು ಕರೆದೊಯ್ದು ಔಷಧಿಯ ಕಪಾಟುಗಳನ್ನು ತೋರಿಸಿದಳು. ನಂತರ ಎರಡು ತಿಂಗಳು, ರಜೆಯ ದಿನಗಳಲ್ಲಿ, ಸಾದಾ ಬಟ್ಟೆಯುಟ್ಟು ಕ್ಯಾನ್ಸರ್ ವಾರ್ಡಿನ ಹಾಸಿಗೆಗಳ ಪಕ್ಕ ಕುಳಿತಳು. ಮೊದಲ ದಿನವೇ ಒಬ್ಬಾಕೆ, “ನೀವು ಔಷಧಿ ಕೊಡೋರಲ್ಲ ತಾನೆ?” ಎಂದು ಖಚಿತ ಮಾಡಿಕೊಂಡು, ಮೊದಲ ವಾಕ್ಯಕ್ಕೇ ಎರಡೆಂದಳು, ಅನಂತರ ಒಂದು ಗಂಟೆ ಮಾತು ನಿಲ್ಲಿಸಲಿಲ್ಲ.

ಡಯಾಲಿಸಿಸ್ ವಿಭಾಗದ ಉತ್ತರಗಳಿದ್ದ ಲಕೋಟೆಯನ್ನು ಸಹಪಾಠಿ ತಂದುಕೊಟ್ಟಳು. “ಊಟ ಆದ್ಮೇಲೆ ಓದು,” ಎಂದಷ್ಟೇ ಹೇಳಿ ಹೊರಟುಹೋದಳು.

ಅವಳು ಊಟಕ್ಕೆ ಮೊದಲೇ ಓದಿದಳು. ಎರಡುಗಳಿದ್ದವು, ಮೂರುಗಳಿದ್ದವು, ಅಲ್ಲೊಂದು ಇಲ್ಲೊಂದು ನಾಲ್ಕಿತ್ತು. ಇಪ್ಪತ್ತೊಂದನೆಯ ಹಾಳೆಯ ಅಡಿಯಲ್ಲಿ ಯಾರೋ ಹೇಳಿದ ಮಾತನ್ನು ಸಹಪಾಠಿ ಹಾಗೆಯೇ ಬರೆದುಕೊಂಡಿದ್ದಳು: ‘ಸಿಸ್ಟರ್ ಕೈ ತುಂಬಾ ಚೆನ್ನಾಗಿದೆ. ಆದ್ರೆ ಬಂದವರೇ ನನ್ನ ಕೈನೇ ನೋಡ್ತಾರೆ. ನಾಲ್ಕು ವರ್ಷ ಆಯ್ತು. ರಸ್ತೇಲಿ ಸಿಕ್ಕಿದ್ರೆ ತೋಳು ತೋರಿಸಿ ಗುರುತು ಹೇಳಬೇಕೇನೋ.’

ಗಂಡ ತಟ್ಟೆ ಹಿಡಿದು ಬಂದವನು ಅವಳ ಮುಖ ನೋಡಿ ಹಿಂದಿರುಗಿದ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅವನನ್ನು ಕರೆದಳು. “ಕಂಪ್ಯೂಟರ್ ಹಚ್ಚಿ. ನಾನು ಓದ್ತೀನಿ, ನೀವು ಒತ್ತಿ. ಒಂದೂ ಬಿಡಬಾರದು.”

ಮರುದಿನ ಬೆಳಗಿನ ಪಾಳಿ. ಹೇಳಿದವರು ಯಾರೆಂದು ಊಹಿಸಲು ಅವಳು ಹೋಗಲಿಲ್ಲ. ಮೊದಲ ಕುರ್ಚಿಯಿಂದಲೇ ಪ್ರಾರಂಭಿಸಿದಳು. ಅಲ್ಲಿದ್ದ ಹೆಂಗಸು ಎಂದಿನಂತೆ ಕೈ ಚಾಚಿ, ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದಳು. ಯಂತ್ರ ಸಿದ್ಧವಾಗಿರುವುದಾಗಿ ಒಮ್ಮೆ ಸದ್ದು ಮಾಡಿತು. ನರ್ಸು ಸ್ಟೂಲೊಂದನ್ನು ಎಳೆದುಕೊಂಡು ಕುಳಿತಳು, ಸೂಜಿಗಳ ತಟ್ಟೆಯನ್ನು ಮುಟ್ಟಲಿಲ್ಲ.

ಚುಚ್ಚು ಬೀಳದಿದ್ದಾಗ ಹೆಂಗಸು ಒಂದು ಕಣ್ಣು ತೆರೆದಳು. ಆಮೇಲೆ ಮೆಲ್ಲಗೆ ಇತ್ತ ತಿರುಗಿದಳು.

“ಯಾಕೆ ಸಿಸ್ಟರ್, ಏನಾಯ್ತು?”

“ಏನಿಲ್ಲ,” ಎಂದಳು ಅವಳು.

ಹೆಂಗಸಿನ ಬಲಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತಿತ್ತು; ಅವಳಿಗೆ ಅದು ಕಂಡದ್ದು ಇಂದೇ. ಯಂತ್ರ ಮತ್ತೊಮ್ಮೆ ಸದ್ದು ಮಾಡಿತು. ಇಬ್ಬರೂ ಅತ್ತ ನೋಡಲಿಲ್ಲ.